ಮೊಣಕಾಲಿನ ಜಮಾ ಖರ್ಚು

ನಮ್ಮ ಕರ್ಜಗಿಯಲ್ಲಿ ಅರವತ್ತು ದಾಟಿದ ನಾಲ್ಕು ಮಂದಿ ಒಂದು ಕಟ್ಟೆಯ ಮೇಲೆ ಕೂತರೆಂದರೆ ಮೂರು ಸುದ್ದಿ ಬಂದೇ ಬರುತ್ತವೆ: ಮಳೆ, ಬ್ಯಾಡಗಿಯ ಮೆಣಸಿನಕಾಯಿ ದರ, ಮೊಣಕಾಲು. ಮೊದಲಿನ ಎರಡಕ್ಕೆ ಯಾರ ಬಳಿಯೂ ಮದ್ದಿಲ್ಲ. ಮೂರನೆಯದಕ್ಕೆ ಮಾತ್ರ ಎಲ್ಲರ ಬಳಿಯೂ ಒಂದೊಂದು ಇದೆ. ಎಕ್ಕದ ಎಲೆಗೆ ಎಣ್ಣೆ ಸವರಿ, ಹಂಚಿನ ಮೇಲೆ ಬಿಸಿ ಮಾಡಿ ಕಟ್ಟಬೇಕು ಎನ್ನುವವರು ಒಬ್ಬರು. ಉಪ್ಪಿನ ಗಂಟಿನ ಶಾಖಕ್ಕೆ ಸಮನಾದದ್ದಿಲ್ಲ ಎನ್ನುವವರು ಇನ್ನೊಬ್ಬರು. ಬೆಲ್ಟು, ಮುಲಾಮು, ಟಿ.ವಿ.ಯಲ್ಲಿ ತೋರಿಸುವ ಎಣ್ಣೆ ಎಲ್ಲವೂ ಆದ ಮೇಲೆ ಈಚೆಗೆ ಹೊಸದೊಂದು ಸೇರಿದೆ. ‘ಹುಬ್ಬಳ್ಳಿಗೆ ಹೋಗಿ ಒಂದ್ ಇಂಜೆಕ್ಷನ್ ಮಾಡಿಸ್ಕೊಂಡ್ ಬಂದಾರ, ಈಗ ಓಡ್ಯಾಡತಾರ ನೋಡ್ರಿ’ ಎಂಬ ಮಾತು. ಆ ಒಂದು ಇಂಜೆಕ್ಷನ್ನಿಗೆ ಕೆಲವೊಮ್ಮೆ ಒಂದು ಹಂಗಾಮಿನ ಹತ್ತಿಯ ಹಣವೇ ಹೋಗುತ್ತದೆ. ಆದ್ದರಿಂದ ಈ ಮಾತನ್ನು ಕಟ್ಟೆಯ ಮೇಲೆಯೇ ಬಿಟ್ಟು ಏಳುವಂತಿಲ್ಲ.

ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ನಿವೃತ್ತನಾದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಜಮಾ ಕಾಲಮ್ಮನ್ನು ಮಾತ್ರ ತೋರಿಸಿ ‘ಲಾಭ ಇದೆ’ ಎಂದರೆ ಅವನು ಒಪ್ಪುವುದಿಲ್ಲ, ಎದುರು ಬದಿ ಎಲ್ಲಿ ಎಂದು ಕೇಳುತ್ತಾನೆ. ಮೊಣಕಾಲಿನ ಮದ್ದುಗಳ ವಿಷಯದಲ್ಲಿ ಆ ಎದುರು ಬದಿಯನ್ನು ಕೇಳಿದ ಸಂಶೋಧಕರು ಕೆಲವರಿದ್ದಾರೆ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಷ್ಟೇ ಅಲ್ಲ, ನಮ್ಮ ಬೆಂಗಳೂರಿನಲ್ಲೂ ಇದ್ದಾರೆ. ಅವರಿಗೆ ಸಿಕ್ಕ ಉತ್ತರಗಳು ಕಟ್ಟೆಯ ಮೇಲಿನ ನಮಗೆ ತಲುಪಿದ್ದು ಕಡಿಮೆ.

ಮೊದಲು ಕಾಯಿಲೆ ಏನೆಂದು ನೋಡೋಣ. ತೊಡೆಯ ಎಲುಬಿನ ಕೆಳತುದಿ, ಕಾಲಿನ ಎಲುಬಿನ ಮೇಲ್ತುದಿ, ಮುಂದೆ ಬಿಲ್ಲೆಯಂಥ ಮೊಣಕಾಲು ಚಿಪ್ಪು, ಈ ಮೂರು ಸೇರುವ ಜಾಗವೇ ಮೊಣಕಾಲು. ಎಲುಬಿಗೆ ಎಲುಬು ಉಜ್ಜದಂತೆ ತುದಿಗಳ ಮೇಲೆ ಬಿಳಿಯ, ನುಣುಪಾದ ಹೊದಿಕೆ ಇರುತ್ತದೆ. ಅದಕ್ಕೆ ಮೃದ್ವಸ್ಥಿ ಎಂದು ಹೆಸರು. ಮಕ್ಕಳು ತಮ್ಮ ಕಿವಿಯ ಮೇಲ್ಭಾಗವನ್ನು ಮಡಚಿ ನೋಡಿದರೆ ಅದರ ಸೋದರಸಂಬಂಧಿಯೊಂದನ್ನು ಮುಟ್ಟಿದಂತಾಗುತ್ತದೆ. ಈ ಹೊದಿಕೆಗೆ ರಕ್ತನಾಳವೂ ಇಲ್ಲ, ನರವೂ ಇಲ್ಲ. ಸುತ್ತಲಿನ ಕೀಲುದ್ರವದಿಂದಲೇ ಅದಕ್ಕೆ ಆಹಾರ. ನಡೆದಾಗ ಹಿಂಡಿಸಿಕೊಂಡು, ಕಾಲೆತ್ತಿದಾಗ ಮತ್ತೆ ಹೀರಿಕೊಂಡು, ಸ್ಪಂಜಿನ ಹಾಗೆ ಬದುಕುತ್ತದೆ. ರಕ್ತ ಹರಿಯದ ಜಾಗವಾದ್ದರಿಂದ ಒಮ್ಮೆ ಸವೆದರೆ ಚರ್ಮದ ಗಾಯದಂತೆ ತಾನಾಗಿ ತುಂಬಿಕೊಳ್ಳುವುದಿಲ್ಲ.

‘ಸವೆತ’ ಎಂದು ನಾವೆಲ್ಲ ಹೇಳಿದರೂ ಬಂಡಿಯ ಅಚ್ಚು ಸವೆದಂತೆ ಮಾತ್ರ ಇದು ಅಲ್ಲ. ಎಲುಬಿನ ಅಂಚಿನಲ್ಲಿ ಮುಳ್ಳಿನಂಥ ಬೆಳವಣಿಗೆ, ಒಳಪದರದ ಉರಿಯೂತ, ತೊಡೆಯ ಸ್ನಾಯು ಸೊರಗುವುದು ಹೀಗೆ ಇಡೀ ಕೀಲೇ ಬದಲಾಗುತ್ತದೆ. ಅಸ್ಥಿಸಂಧಿವಾತ ಎಂಬುದು ಇದರ ಪುಸ್ತಕದ ಹೆಸರು, ಡಾಕ್ಟರು ಬರೆಯುವುದು ಆಸ್ಟಿಯೋಆರ್ಥ್ರೈಟಿಸ್ ಎಂದು. ಎಕ್ಸ್-ರೇಯಲ್ಲಿ ಬಹಳ ಕೆಟ್ಟಿದೆ ಎಂದು ಕಂಡವರು ಆರಾಮಾಗಿ ಜಾತ್ರೆಗೆ ನಡೆದು ಹೋಗುವುದುಂಟು. ಚಿತ್ರ ಚೆನ್ನಾಗಿಯೇ ಇರುವವರು ನೋವಿನಿಂದ ರಾತ್ರಿಯೆಲ್ಲ ಎಚ್ಚರವಿರುವುದೂ ಉಂಟು.

ಎಷ್ಟು ಜನಕ್ಕಿದೆ? ಬೆಂಗಳೂರು, ಪುಣೆ, ಕೋಲ್ಕತ್ತ, ಆಗ್ರಾ, ಡೆಹ್ರಾಡೂನ್ ಕಡೆಗಳಲ್ಲಿ ನಗರ, ಪಟ್ಟಣ, ಹಳ್ಳಿ ಸೇರಿಸಿ ಸುಮಾರು 5,000 ಜನರನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 28.7ರಷ್ಟು ಮಂದಿಗೆ ಮೊಣಕಾಲಿನ ಈ ತೊಂದರೆ ಕಂಡಿತ್ತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ತೂಕ, ವಯಸ್ಸು, ಹಳೆಯ ಪೆಟ್ಟು ಇವು ಕಾರಣಗಳೆಂದು ಎಲ್ಲರಿಗೂ ಗೊತ್ತು. ನಮ್ಮ ಸೀಮೆಗೆ ಹೆಚ್ಚು ಹತ್ತಿರದ ಕಾರಣವನ್ನು ಹುಡುಕಿದ್ದು ಚೀನಾದಲ್ಲಿ. ಬೀಜಿಂಗ್‌ನ ವೃದ್ಧರ ಅಧ್ಯಯನವೊಂದು, ಅಲ್ಲಿನ ಹೆಂಗಸರಿಗೆ ಅಮೆರಿಕದ ಬಿಳಿಯ ಹೆಂಗಸರಿಗಿಂತ ಮೊಣಕಾಲಿನ ಬೇನೆ ಹೆಚ್ಚೆಂದು ಕಂಡುಕೊಂಡಿತು. ಅವರೇನೂ ಹೆಚ್ಚು ದಪ್ಪಗಿರಲಿಲ್ಲ. ಪ್ರಾಯದಲ್ಲಿ ದಿನಕ್ಕೆ ಎಷ್ಟು ಹೊತ್ತು ಕುಕ್ಕರಗಾಲಲ್ಲಿ ಕೂರುತ್ತಿದ್ದಿರಿ ಎಂದು ಕೇಳಿದಾಗ, ಹೊತ್ತು ಹೆಚ್ಚಿದಂತೆ ಕಾಯಿಲೆಯ ಸಂಭವವೂ ಹೆಚ್ಚಿದ್ದು 2004ರಲ್ಲಿ ಪ್ರಕಟವಾಯಿತು. ಬ್ಯಾಡಗಿಯಲ್ಲಿ ರಾಶಿಯ ಮುಂದೆ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರನ್ನೂ, ರಾಣೆಬೆನ್ನೂರು ಕಡೆಯ ಹೊಲಗಳಲ್ಲಿ ಬಗ್ಗಿ ಕೂತು ಕಳೆ ತೆಗೆಯುವವರನ್ನೂ ನೋಡಿದವರಿಗೆ ಬೀಜಿಂಗ್ ಬಹಳ ದೂರ ಎನಿಸಲಾರದು.

ಈಗ ಕಟ್ಟೆಯ ಸಾಕ್ಷಿಗಳಿಗೆ ಬರೋಣ. ‘ನನಗ ಆರಾಮ ಆಗೇತಿ’ ಎನ್ನುವವರು ಸುಳ್ಳು ಹೇಳುತ್ತಿಲ್ಲ. ತೊಂದರೆ ಇರುವುದು ಬೇರೆ ಕಡೆ. ಈ ಬೇನೆ ಏರಿಳಿಯುವಂಥದ್ದು. ಮೆಣಸಿನಕಾಯಿ ದರ ಎಲ್ಲಕ್ಕಿಂತ ಮೇಲೆ ಹೋದ ದಿನ ನೀವು ಏನೇ ಮಾಡಿ, ದೇವರಿಗೆ ಕಾಯಿ ಒಡೆಯಿರಿ ಅಥವಾ ಒಡೆಯದಿರಿ, ಮುಂದಿನ ದಿನಗಳಲ್ಲಿ ದರ ಇಳಿಯುವ ಸಂಭವವೇ ಹೆಚ್ಚು. ಮೊಣಕಾಲು ತೀರ ನೋಯುವಾಗಲೇ ನಾವು ಡಾಕ್ಟರ ಹತ್ತಿರ ಹೋಗುವುದು. ಅಂದರೆ ನೋವು ಇಳಿಯಲು ಸಿದ್ಧವಾದ ಹೊತ್ತಿಗೇ ಮದ್ದು ಶುರುವಾಗುತ್ತದೆ. ಇಳಿತದ ಪುಣ್ಯವೆಲ್ಲ ಮದ್ದಿನ ಖಾತೆಗೆ ಜಮೆ. ಇದರ ಮೇಲೆ ಡಾಕ್ಟರ ಸಮಾಧಾನದ ಮಾತು, ದುಡ್ಡು ಕೊಟ್ಟಿದ್ದೇನೆಂಬ ನಂಬಿಕೆ, ನಾಲ್ಕು ದಿನದ ವಿಶ್ರಾಂತಿಯೂ ಸೇರುತ್ತವೆ. ಇವೂ ನೋವನ್ನು ನಿಜವಾಗಿಯೇ ಕಡಿಮೆ ಮಾಡುತ್ತವೆ.

ಹಾಗಾದರೆ ಮದ್ದಿನ ಪಾಲು ಎಷ್ಟು ಎಂದು ತಿಳಿಯುವುದು ಹೇಗೆ? ಇದಕ್ಕೆ ಇರುವ ಉಪಾಯ ನೋಡಲು ಸರಳ. ಒಪ್ಪಿಕೊಂಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತಾರೆ. ಡಾಕ್ಟರು ಆರಿಸುವಂತಿಲ್ಲ, ರೋಗಿಯೂ ಆರಿಸುವಂತಿಲ್ಲ. ಡಾಕ್ಟರು ಆರಿಸಿದರೆ ಗಟ್ಟಿಮುಟ್ಟಾದವರೆಲ್ಲ ಹೊಸ ಮದ್ದಿನ ಕಡೆಗೆ ಬಂದುಬಿಡುತ್ತಾರೆ. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ನೋಡಲು ಹಾಗೆಯೇ ಇರುವ, ಒಳಗೆ ಏನೂ ಇಲ್ಲದ ಹುಸಿಮದ್ದು. ಯಾರಿಗೆ ಯಾವುದು ಎಂಬುದು ಕೊಟ್ಟವರಿಗೂ ಗೊತ್ತಿರಬಾರದು, ತೆಗೆದುಕೊಂಡವರಿಗೂ ಗೊತ್ತಿರಬಾರದು. ಕೊನೆಗೆ ಲಕೋಟೆ ಒಡೆದು ಎರಡೂ ಬದಿಯ ಮೊತ್ತ ಹಾಕುತ್ತಾರೆ. ಮದ್ದಿನ ಗಳಿಕೆ ಎಂದರೆ ಆ ಎರಡರ ನಡುವಿನ ವ್ಯತ್ಯಾಸ ಮಾತ್ರ.

ನೋವನ್ನು ಅಳೆಯುವುದಕ್ಕೂ ಒಂದು ಕೋಷ್ಟಕ ಇದೆ. ಕೆನಡಾದ ಎರಡು ವಿಶ್ವವಿದ್ಯಾಲಯಗಳ ಹೆಸರಿನಿಂದ ಅದನ್ನು ವೋಮ್ಯಾಕ್ ಎನ್ನುತ್ತಾರೆ. 24 ಪ್ರಶ್ನೆಗಳು. ನೋವಿನ ಬಗ್ಗೆ ಐದು, ಬಿಗಿತದ ಬಗ್ಗೆ ಎರಡು, ಉಳಿದ 17 ದಿನನಿತ್ಯದ ಕೆಲಸದ ಬಗ್ಗೆ. ಮೆಟ್ಟಿಲು ಇಳಿಯುವಾಗ ಎಷ್ಟು ಕಷ್ಟ, ಕಾರಿನಿಂದ ಇಳಿಯುವಾಗ ಎಷ್ಟು ಕಷ್ಟ, ಕಾಲುಚೀಲ ಹಾಕುವಾಗ ಎಷ್ಟು ಕಷ್ಟ ಎಂದು ಕೇಳುತ್ತಾರೆ. ಕರ್ಜಗಿಯ ಅಜ್ಜಿಗೆ ಕಾಲುಚೀಲದ ಪ್ರಶ್ನೆ ಹಾಕಿದರೆ ಅವಳು ಕೇಳಿದವನನ್ನೇ ಮೇಲೆ ಕೆಳಗೆ ನೋಡಿಯಾಳು! ಪುಣೆಯ ಸಂಧಿವಾತ ತಜ್ಞ ಡಾ. ಅರವಿಂದ ಚೋಪ್ರಾ ಅವರ ತಂಡ ಈ ಕೋಷ್ಟಕವನ್ನು ನಮ್ಮ ಬದುಕಿಗೆ ಹೊಂದುವಂತೆ ಮಾರ್ಪಡಿಸಿದ್ದು ಸಣ್ಣ ಕೆಲಸವೇನಲ್ಲ.

ಈ ರೀತಿಯ ಪರೀಕ್ಷೆಗಳಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಅಮೆರಿಕದ ಹ್ಯೂಸ್ಟನ್ ನಗರದ್ದು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಡಾ. ಬ್ರೂಸ್ ಮೋಸ್ಲಿ ಎಂಬ ಶಸ್ತ್ರವೈದ್ಯರಿದ್ದರು. ಮೊಣಕಾಲಿನೊಳಗೆ ದುರ್ಬೀನು ತೂರಿಸಿ, ನೀರು ಹಾಯಿಸಿ, ಸವೆದ ಚೂರುಗಳನ್ನು ಕೆರೆದು ಸ್ವಚ್ಛ ಮಾಡುವ ಶಸ್ತ್ರಚಿಕಿತ್ಸೆ ಆಗ ಅಮೆರಿಕದಲ್ಲಿ ಲಕ್ಷಗಟ್ಟಲೆ ನಡೆಯುತ್ತಿತ್ತು. ಮಾಡಿಸಿಕೊಂಡವರಲ್ಲಿ ಬಹಳ ಮಂದಿ ಹಗುರಾಗಿದೆ ಎನ್ನುತ್ತಿದ್ದರು. ಮೋಸ್ಲಿ ಮತ್ತು ಸಂಗಡಿಗರು 180 ರೋಗಿಗಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಕೆರೆದು ತೊಳೆಯುವುದು, ಎರಡನೆಯದಕ್ಕೆ ಬರೀ ತೊಳೆಯುವುದು. ಮೂರನೆಯ ಗುಂಪಿಗೆ ಮಾಡಿದ್ದು ನಾಟಕ! ಮಂಪರಿನ ಮದ್ದು ಕೊಟ್ಟು, ಚರ್ಮದ ಮೇಲೆ ಮೂರು ಸಣ್ಣ ಗಾಯ ಮಾಡಿ, ಡಾಕ್ಟರು ಒಂದೊಂದೇ ಉಪಕರಣ ಕೇಳಿ, ನೀರಿನ ಸಪ್ಪಳವನ್ನೂ ಮಾಡಿದರು. ದುರ್ಬೀನು ಮಾತ್ರ ಒಳಗೆ ಹೋಗಲಿಲ್ಲ. ಅವರೂ ಉಳಿದವರಂತೆ ರಾತ್ರಿ ಆಸ್ಪತ್ರೆಯಲ್ಲೇ ಉಳಿದರು.

ಇದು ಮೋಸವಲ್ಲವೇ ಎಂದು ಕೇಳಬಹುದು. ಅಲ್ಲ. ‘ನನಗೆ ಬರೀ ತೋರಿಕೆಯ ಶಸ್ತ್ರಚಿಕಿತ್ಸೆ ಆಗಬಹುದು, ಅದರಿಂದ ನನ್ನ ಬೇನೆಗೆ ಪ್ರಯೋಜನವಿಲ್ಲ ಎಂಬುದು ಗೊತ್ತಿದೆ’ ಎಂಬರ್ಥದ ಮಾತನ್ನು ಪ್ರತಿಯೊಬ್ಬರೂ ತಮ್ಮ ಕೈಯಿಂದಲೇ ಬರೆದುಕೊಟ್ಟಿದ್ದರು. ಕೇಳಿದ 324 ಜನರಲ್ಲಿ 144 ಮಂದಿ ಬೇಡವೆಂದು ಹೊರಟೂ ಹೋಗಿದ್ದರು. ಎರಡು ವರ್ಷ ಕಾದು 2002ರಲ್ಲಿ ಲೆಕ್ಕ ಪ್ರಕಟಿಸಿದಾಗ ಮೂರೂ ಗುಂಪಿನ ನೋವು, ನಡಿಗೆ ಒಂದೇ ಮಟ್ಟದಲ್ಲಿದ್ದವು. ತೊಳೆದವರಿಗೂ ತೊಳೆಯದವರಿಗೂ ವ್ಯತ್ಯಾಸವಿಲ್ಲ. ಅಷ್ಟು ಕಾಲ ನಡೆದ ಶಸ್ತ್ರಚಿಕಿತ್ಸೆಗೆ ಎದುರು ಕಾಲಮ್ಮು ಬರೆಯಲು 180 ಜನ ಸಾಕಾದರು.

ಮಾತ್ರೆಗಳ ಕಥೆಯೂ ಹತ್ತಿರದ್ದೇ. ಔಷಧಿ ಅಂಗಡಿಯಲ್ಲಿ ‘ಕೀಲಿಗೆ ಶಕ್ತಿ’ ಎಂದು ಕೊಡುವ ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್ ಮಾತ್ರೆಗಳನ್ನು 1,583 ಜನರ ಮೇಲೆ ಪರೀಕ್ಷಿಸಿದ ಫಲಿತಾಂಶ 2006ರಲ್ಲಿ ಬಂತು. ಆರು ತಿಂಗಳಲ್ಲಿ ನೋವು ಐದನೇ ಒಂದು ಪಾಲಾದರೂ ಇಳಿದವರು ಎಷ್ಟು ಎಂದು ಎಣಿಸಿದರು. ಎರಡೂ ಮಾತ್ರೆ ಸೇರಿಸಿ ನುಂಗಿದವರಲ್ಲಿ ಶೇ 66.6. ನೋವುನಿವಾರಕ ಸೆಲೆಕಾಕ್ಸಿಬ್ ನುಂಗಿದವರಲ್ಲಿ ಶೇ 70.1. ಏನೂ ಇಲ್ಲದ ಹುಸಿಮಾತ್ರೆ ನುಂಗಿದವರಲ್ಲಿ? ಶೇ 60.1! ಈ ಕೊನೆಯ ಅಂಕಿಯನ್ನು ಓದುಗರು ನೆನಪಿಟ್ಟುಕೊಂಡರೆ ಸಾಕು. ಯಾರಾದರೂ ‘ನಮ್ಮ ಎಣ್ಣೆಯಿಂದ ನೂರಕ್ಕೆ ಅರವತ್ತು ಜನಕ್ಕೆ ಗುಣ’ ಎಂದರೆ ಅದು ನಿಜವೇ ಇರಬಹುದು, ಮತ್ತು ಆ ಎಣ್ಣೆಯಲ್ಲಿ ಏನೂ ಇಲ್ಲದೆಯೂ ಇರಬಹುದು.

ಇಂಜೆಕ್ಷನ್ನುಗಳಲ್ಲಿ ಹಳೆಯದು ಸ್ಟಿರಾಯ್ಡ್. ಕೆಲವು ವಾರ ನೋವು ತಗ್ಗಿಸುತ್ತದೆ ಎಂಬುದರಲ್ಲಿ ಜಗಳವಿಲ್ಲ. ಪದೇ ಪದೇ ಚುಚ್ಚಿಸಿಕೊಂಡರೆ? ಬೋಸ್ಟನ್‌ನಲ್ಲಿ 140 ಜನರಿಗೆ ಮೂರು ತಿಂಗಳಿಗೊಮ್ಮೆಯಂತೆ ಎರಡು ವರ್ಷ ಅರ್ಧ ಜನಕ್ಕೆ ಸ್ಟಿರಾಯ್ಡ್, ಉಳಿದರ್ಧಕ್ಕೆ ಉಪ್ಪುನೀರು ಕೊಟ್ಟು ನೋಡಿದರು. 2017ರಲ್ಲಿ ಬಂದ ಫಲಿತಾಂಶದಂತೆ ಎರಡು ವರ್ಷದ ಕೊನೆಗೆ ನೋವಿನಲ್ಲಿ ವ್ಯತ್ಯಾಸವಿರಲಿಲ್ಲ. ಮೃದ್ವಸ್ಥಿ ಮಾತ್ರ ಸ್ಟಿರಾಯ್ಡ್ ಗುಂಪಿನಲ್ಲಿ 0.21 ಮಿಲಿಮೀಟರ್ ತೆಳ್ಳಗಾಗಿತ್ತು, ಉಪ್ಪುನೀರಿನ ಗುಂಪಿನಲ್ಲಿ 0.10. ಇನ್ನು ಪಿ.ಆರ್.ಪಿ. ಎಂಬುದು ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಅದರ ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಮೊಣಕಾಲಿಗೆ ಕೊಡುವ ಚಿಕಿತ್ಸೆ. ಈಗ ಸಣ್ಣ ಊರುಗಳವರೆಗೂ ಇದರ ಹೆಸರು ಬಂದಿದೆ. ಆಸ್ಟ್ರೇಲಿಯಾದಲ್ಲಿ 288 ಜನರಿಗೆ ವಾರಕ್ಕೊಂದರಂತೆ ಮೂರು ಚುಚ್ಚುಮದ್ದು ಕೊಟ್ಟು ಒಂದು ವರ್ಷ ನೋಡಿದರು. ಹತ್ತರ ಅಳತೆಯಲ್ಲಿ ಪಿ.ಆರ್.ಪಿ. ಪಡೆದವರ ನೋವು 2.1ರಷ್ಟು ಇಳಿಯಿತು. ಉಪ್ಪುನೀರು ಪಡೆದವರದು 1.8. ಇಷ್ಟು ಸಣ್ಣ ವ್ಯತ್ಯಾಸವನ್ನು ಗಳಿಕೆ ಎನ್ನಲಾಗದೆಂದು 2021ರಲ್ಲಿ ಅವರೇ ಬರೆದರು. ಮೃದ್ವಸ್ಥಿಯೂ ಬೆಳೆದಿರಲಿಲ್ಲ. ಬೇರೆ ಫಲಿತಾಂಶ ಕಂಡ ಸಣ್ಣ ಪರೀಕ್ಷೆಗಳೂ ಇವೆ, ವಾದ ಮುಗಿದಿಲ್ಲ. ಆದರೆ ಸಾಲ ಮಾಡಿ ಚುಚ್ಚಿಸಿಕೊಳ್ಳುವಷ್ಟು ಖಚಿತವಾದ ಮದ್ದು ಇದಲ್ಲ ಎಂಬುದು ನನ್ನ ಅಭಿಪ್ರಾಯ.

ಬೆಂಗಳೂರಿನ ಎರಡು ಪ್ರಯೋಗ

ನಮ್ಮ ರಾಜ್ಯದಲ್ಲೇ ನಡೆದ ಎರಡು ಕೆಲಸಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಒಂದಕ್ಕೆ ಚಾಪೆ ಸಾಕು, ಇನ್ನೊಂದಕ್ಕೆ ಪ್ರಯೋಗಾಲಯವೇ ಬೇಕು.

ಮೊದಲನೆಯದು ಯೋಗದ್ದು. ಬೆಂಗಳೂರಿನ ಮೂಳೆ ತಜ್ಞ ಡಾ. ಜಾನ್ ಎಬ್ನೆಜರ್, ಜಿಗಣಿ ಬಳಿಯ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಡಾ. ಆರ್. ನಾಗರತ್ನ, ಡಾ. ಎಚ್.ಆರ್. ನಾಗೇಂದ್ರ ಮೊದಲಾದವರು ಸೇರಿ ಮಾಡಿದ್ದು. ಮೂವತ್ತೈದರಿಂದ ಎಂಬತ್ತು ವರ್ಷದೊಳಗಿನ 250 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಇಬ್ಬರಿಗೂ ಫಿಸಿಯೋಥೆರಪಿಯ ವಿದ್ಯುತ್ ಮತ್ತು ಶಬ್ದತರಂಗದ ಚಿಕಿತ್ಸೆ ಸಮಾನ. ಅದಾದ ಮೇಲೆ ಒಂದು ಗುಂಪಿಗೆ ದಿನಕ್ಕೆ ನಲವತ್ತು ನಿಮಿಷ ಮಾಮೂಲಿ ವ್ಯಾಯಾಮ. ಇನ್ನೊಂದಕ್ಕೆ ಅಷ್ಟೇ ಹೊತ್ತು ಯೋಗ: ಕೀಲು ಸಡಿಲಿಸುವ ಶಿಥಿಲೀಕರಣ, ಶಕ್ತಿ ಹೆಚ್ಚಿಸುವ ಚಲನೆ, ಆಸನ, ವಿಶ್ರಾಂತಿ, ಉಸಿರಾಟ, ಧ್ಯಾನ. ಎರಡು ವಾರ ಕಣ್ಣೆದುರಿಗೆ ಮಾಡಿಸಿ, ಮೂರು ತಿಂಗಳವರೆಗೆ ಮನೆಯಲ್ಲಿ ಮುಂದುವರಿಸಲು ಹೇಳಿದರು. 2011 ಮತ್ತು 2012ರಲ್ಲಿ ಪ್ರಕಟವಾದ ವರದಿಗಳ ಪ್ರಕಾರ ಎರಡೂ ಗುಂಪು ಸುಧಾರಿಸಿದವು. ನೋವು, ಮಡಚುವಿಕೆ, ದಿನದ ಕೆಲಸ ಮೂರರಲ್ಲೂ ಯೋಗದವರು ಮುಂದಿದ್ದರು.

ಇದರಲ್ಲಿ ನನಗೆ ಹಿಡಿಸಿದ ಅಂಶವೆಂದರೆ ಎದುರು ಗುಂಪನ್ನು ಸುಮ್ಮನೆ ಕೂರಿಸದೆ ಅವರಿಗೂ ಅಷ್ಟೇ ಹೊತ್ತಿನ ಕೆಲಸ ಕೊಟ್ಟದ್ದು. ಸುಮ್ಮನೆ ಕೂತವರ ಎದುರು ಯಾವ ಕಸರತ್ತು ಬೇಕಾದರೂ ಗೆಲ್ಲುತ್ತದೆ. ಕೊರತೆಯೂ ಇದೆ, ಹೇಳಬೇಕು. ಮಾತ್ರೆಯನ್ನು ಮರೆಮಾಚಬಹುದು, ಯೋಗವನ್ನು ಮರೆಮಾಚುವುದು ಸಾಧ್ಯವಿಲ್ಲ. ಯೋಗದ ಮೇಲೆ ಮೊದಲೇ ಶ್ರದ್ಧೆ ಇದ್ದವರು ಒಂದಿಷ್ಟು ಹೆಚ್ಚು ಅಂಕ ಕೊಟ್ಟಿರಬಹುದು. ಮೂರು ತಿಂಗಳ ಮೇಲೆ ಏನಾಯಿತು ಎಂಬ ಪ್ರಶ್ನೆಗೂ ಈ ಪ್ರಯೋಗದಲ್ಲಿ ಉತ್ತರವಿಲ್ಲ.

ಎರಡನೆಯದು ಕಾಂಡಕೋಶದ್ದು, ಜನ ಸ್ಟೆಮ್ ಸೆಲ್ ಎನ್ನುವುದು ಇದನ್ನೇ. ಮಣಿಪಾಲ ಸಮೂಹಕ್ಕೆ ಸೇರಿದ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ, ಆರೋಗ್ಯವಂತ ದಾನಿಗಳ ಮೂಳೆಮಜ್ಜೆಯಿಂದ ಕೋಶ ತೆಗೆದು, ಬೆಳೆಸಿ, ಸ್ಟೆಂಪ್ಯೂಸೆಲ್ ಎಂಬ ಚುಚ್ಚುಮದ್ದು ತಯಾರಿಸಿತು. ಎರಡನೇ ಹಂತದಲ್ಲಿ 60 ರೋಗಿಗಳು. ಎರಡೂವರೆ ಕೋಟಿ ಕೋಶದಿಂದ ಹದಿನೈದು ಕೋಟಿ ಕೋಶದವರೆಗೆ ನಾಲ್ಕು ಪ್ರಮಾಣ. ಹೆಚ್ಚು ಕೋಶ ಕೊಟ್ಟರೆ ಹೆಚ್ಚು ಗುಣ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದದ್ದು ಬೇರೆ. ಹೆಚ್ಚು ಪಡೆದವರಲ್ಲಿ ಬಾವು, ನೋವು ಹೆಚ್ಚಿತು. ಎಲ್ಲಕ್ಕಿಂತ ಕಡಿಮೆ ಪಡೆದವರಲ್ಲಿ ಮಾತ್ರ ನೋವು ಇಳಿಯುವ ಸೂಚನೆ ಕಂಡಿತು, ಅದೂ ಗಣಿತದ ಪ್ರಕಾರ ಖಚಿತ ಎನ್ನುವಷ್ಟಲ್ಲ. 2016ರಲ್ಲಿ ಅದನ್ನು ಹಾಗೆಯೇ ಪ್ರಕಟಿಸಿದರು. ಗೆಲ್ಲದ ಫಲಿತಾಂಶವನ್ನೂ ಪ್ರಕಟಿಸುವವರ ಮೇಲೆ ನನಗೆ ಸ್ವಲ್ಪ ಹೆಚ್ಚು ನಂಬಿಕೆ.

ಆ ಕಡಿಮೆ ಪ್ರಮಾಣವನ್ನೇ ಇಟ್ಟುಕೊಂಡು 146 ಜನರ ಮೇಲೆ ಮೂರನೇ ಹಂತ ನಡೆಯಿತು. ಒಂದು ವರ್ಷದ ಕೊನೆಗೆ ಹುಸಿಮದ್ದಿನವರಿಗಿಂತ ನೋವು, ಬಿಗಿತ ಕಡಿಮೆ ಎಂದು ಕಂಡಿತು. 2022ರಲ್ಲಿ ದೇಶದ ಔಷಧ ಮಹಾನಿಯಂತ್ರಕರ ಅನುಮತಿ ಸಿಕ್ಕಿ ಮಾರಾಟಕ್ಕೂ ಬಂತು. ಇಷ್ಟು ಕೇಳಿ ‘ಹೊಸ ಮೊಣಕಾಲು ಬೆಳೆಯುತ್ತದಂತೆ’ ಎಂದು ಕಟ್ಟೆಯಲ್ಲಿ ಸುದ್ದಿಯಾಗುವುದು ಸಹಜ. ಆದರೆ ಅವರ ವರದಿಯಲ್ಲೇ ಮೃದ್ವಸ್ಥಿ ಹೊಸದಾಗಿ ಬೆಳೆದ ಮಾತಿಲ್ಲ. ಕೋಶ ಪಡೆದವರಲ್ಲಿ ಅದರ ಗುಣಮಟ್ಟ ಒಂದು ವರ್ಷದಲ್ಲಿ ಇನ್ನಷ್ಟು ಕೆಡಲಿಲ್ಲ, ಪಡೆಯದವರಲ್ಲಿ ಕೆಟ್ಟಿತು, ಅಷ್ಟೇ. ಅದೇನೂ ಕಡಿಮೆಯಲ್ಲ. ಆದರೂ 146 ಜನರ ಒಂದು ವರ್ಷದ ಲೆಕ್ಕ ಅದು, ಇನ್ನೂ ದೊಡ್ಡ ಗುಂಪು, ಇನ್ನೂ ಹೆಚ್ಚು ವರ್ಷ ಬೇಕು.

ಇಲ್ಲೊಂದು ಎಚ್ಚರಿಕೆ. ಅನುಮತಿ ಸಿಕ್ಕ ಈ ಮದ್ದು ಬೇರೆ, ಹೊಟ್ಟೆಯ ಕೊಬ್ಬು ತೆಗೆದು ಅಂದೇ ಮೊಣಕಾಲಿಗೆ ಚುಚ್ಚಿ ‘ಸ್ಟೆಮ್ ಸೆಲ್’ ಎಂದು ಬಿಲ್ಲು ಮಾಡುವುದು ಬೇರೆ. ಅನುಮತಿ ಪಡೆದ ಪ್ರಯೋಗದ ಹೊರಗೆ ಕಾಂಡಕೋಶವನ್ನು ಚಿಕಿತ್ಸೆಯೆಂದು ಕೊಡಬಾರದು ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ರಕ್ತದ ಕೆಲವು ಕಾಯಿಲೆಗಳಿಗೆ ಮಾತ್ರ ವಿನಾಯಿತಿ. ಪ್ರಯೋಗ ಎಂದಾದರೆ ರೋಗಿಯಿಂದ ಅದಕ್ಕೆ ಹಣ ವಸೂಲು ಮಾಡುವಂತಿಲ್ಲ.

ಆಯುರ್ವೇದದ ಬಗ್ಗೆ ಕೇಳುವವರಿದ್ದಾರೆ. ಮೇಲೆ ಹೇಳಿದ ಡಾ. ಚೋಪ್ರಾ ಅವರ ತಂಡ ಪುಣೆ, ಮುಂಬೈ, ದೆಹಲಿಗಳಲ್ಲಿ 440 ರೋಗಿಗಳ ಮೇಲೆ ಶುಂಠಿ, ಅಮೃತಬಳ್ಳಿ, ನೆಲ್ಲಿ, ಗುಗ್ಗುಳ, ಶಲ್ಲಕಿಗಳ ಯೋಗಗಳನ್ನು ಆರು ತಿಂಗಳು ಪರೀಕ್ಷಿಸಿತು. ಗ್ಲುಕೋಸಮೈನ್, ಸೆಲೆಕಾಕ್ಸಿಬ್‌ಗಳಿಗೆ ಇವು ಸರಿಸಮ ಎಂದು 2013ರಲ್ಲಿ ವರದಿ ಬಂತು. ಕೆಲವರಲ್ಲಿ ಯಕೃತ್ತಿನ ರಕ್ತಪರೀಕ್ಷೆ ಏರಿದ್ದನ್ನೂ ಮುಚ್ಚಿಡದೆ ಬರೆದರು. ‘ಗಿಡಮೂಲಿಕೆ ಅಲ್ಲವೇ, ಏನಾದೀತು’ ಎನ್ನುವವರು ಈ ಸಾಲನ್ನು ಓದಬೇಕು. ಇಲ್ಲಿ ಹುಸಿಮದ್ದಿನ ಗುಂಪು ಇರಲಿಲ್ಲ ಎಂಬುದೂ ಮರೆಯಬಾರದು.

ಗೆದ್ದು ಉಳಿದದ್ದೇನು ಹಾಗಾದರೆ? ಇಷ್ಟೆಲ್ಲ ಪರೀಕ್ಷೆಗಳಲ್ಲಿ ಮತ್ತೆ ಮತ್ತೆ ನಿಂತದ್ದು ಎರಡು: ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಕೆ. ಅಮೆರಿಕದ ಸೈನಿಕ ಆಸ್ಪತ್ರೆಗಳಲ್ಲಿ 156 ಜನರಲ್ಲಿ ಅರ್ಧಕ್ಕೆ ಸ್ಟಿರಾಯ್ಡ್ ಇಂಜೆಕ್ಷನ್, ಅರ್ಧಕ್ಕೆ ಫಿಸಿಯೋಥೆರಪಿ ಕೊಟ್ಟರು. 240 ಅಂಕದ ವೋಮ್ಯಾಕ್ ಅಳತೆಯಲ್ಲಿ ಎರಡೂ ಗುಂಪು ಶುರುವಾದದ್ದು 107-108ರ ಆಸುಪಾಸಿನಲ್ಲಿ. ಒಂದು ವರ್ಷದ ಮೇಲೆ ಇಂಜೆಕ್ಷನ್ ಗುಂಪು 55.8ಕ್ಕೆ ಇಳಿದರೆ ಫಿಸಿಯೋಥೆರಪಿ ಗುಂಪು 37ಕ್ಕೆ ಇಳಿದಿತ್ತು. ಇದು 2020ರ ವರದಿ. ತೂಕದ ಲೆಕ್ಕ ಇನ್ನೂ ಸ್ವಾರಸ್ಯ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮೊಣಕಾಲಿನ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಎಂದು ಉತ್ತರ ಕೆರೊಲಿನಾದ ಸ್ಟೀಫನ್ ಮೆಸ್ಸಿಯರ್ ತಂಡ 2005ರಲ್ಲಿ ಅಳೆಯಿತು. ಬಸ್‌ಸ್ಟ್ಯಾಂಡಿಗೆ ಹೋಗಿ ಬರುವ ಎರಡು ಸಾವಿರ ಹೆಜ್ಜೆಗೆ ಎಂಟು ಸಾವಿರ ಕಿಲೋ ಉಳಿತಾಯ! ಬ್ಯಾಂಕಿನಲ್ಲೂ ಇಂಥ ಬಡ್ಡಿದರ ಕಂಡಿಲ್ಲ. ಅದೇ ತಂಡ 454 ಜನರ ಮೇಲೆ ಒಂದೂವರೆ ವರ್ಷ ನಡೆಸಿ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಆಹಾರ ನಿಯಮ ಮತ್ತು ವ್ಯಾಯಾಮ ಎರಡನ್ನೂ ಹಿಡಿದವರು ಸರಾಸರಿ 10.6 ಕಿಲೋ ಇಳಿದರು, ನೋವಿನಲ್ಲೂ ಅವರೇ ಹೆಚ್ಚು ಇಳಿದರು. ಬೊಜ್ಜಿಗೆ ಕೊಡುವ ಸೆಮಾಗ್ಲುಟೈಡ್ ಎಂಬ ವಾರದ ಚುಚ್ಚುಮದ್ದನ್ನೂ 407 ಜನರ ಮೇಲೆ ನೋಡಿ 2024ರಲ್ಲಿ ವರದಿ ಮಾಡಿದ್ದಾರೆ. ಮದ್ದಿನವರ ನೋವು ನೂರರ ಅಳತೆಯಲ್ಲಿ 41.7 ಅಂಕ ಇಳಿದರೆ ಹುಸಿಮದ್ದಿನವರದು 27.5 ಇಳಿಯಿತು. ಇಲ್ಲೂ ಹುಸಿಮದ್ದು ತನ್ನ ಪಾಲು ಪಡೆದೇ ಬಿಟ್ಟಿದೆ ನೋಡಿ.

ಕುರ್ಚಿಯ ಮೇಲೆ ಕೂತು ಒಂದು ಕಾಲನ್ನು ನೇರವಾಗಿ ಚಾಚಿ, ಸ್ವಲ್ಪ ಹೊತ್ತು ಹಿಡಿದು, ನಿಧಾನ ಇಳಿಸುವುದರಿಂದ ತೊಡೆಯ ಸ್ನಾಯುವಿನ ಕೆಲಸ ಶುರುವಾಗುತ್ತದೆ. ಎಷ್ಟು, ಹೇಗೆ ಎಂಬುದನ್ನು ಒಮ್ಮೆ ಫಿಸಿಯೋಥೆರಪಿಸ್ಟರಿಂದ ಕಲಿತರೆ ಆಮೇಲೆ ಖರ್ಚಿಲ್ಲ. ಖರ್ಚಿಲ್ಲದ್ದಕ್ಕೇ ಅದರ ಸುದ್ದಿ ಕಟ್ಟೆಗೆ ಬರುವುದಿಲ್ಲ ಎಂಬುದು ನನ್ನ ಅನುಮಾನ. ಮೊಮ್ಮಕ್ಕಳು ಎದುರು ಕೂತು ಎಣಿಸಿದರೆ ಅಜ್ಜಿ ಎರಡು ಸಲ ಹೆಚ್ಚೇ ಮಾಡುತ್ತಾಳೆ.

ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯನ್ನು ಈ ಪಟ್ಟಿಯಲ್ಲಿ ಬೇರೆಯಾಗಿಯೇ ಇಡಬೇಕು. ಅದಕ್ಕೂ ಎದುರು ಗುಂಪಿಟ್ಟು ಡೆನ್ಮಾರ್ಕಿನಲ್ಲಿ 100 ಜನರ ಮೇಲೆ ನೋಡಿದ್ದಾರೆ. 2015ರ ಆ ವರದಿಯಂತೆ ನೂರರ ಅಳತೆಯಲ್ಲಿ ಶಸ್ತ್ರಚಿಕಿತ್ಸೆಯವರು 32.5 ಅಂಕ ಸುಧಾರಿಸಿದರು, ಬರೀ ವ್ಯಾಯಾಮ, ಆಹಾರ, ಮಾತ್ರೆಗಳ ಗುಂಪಿನವರು 16. ತೀರ ಕೆಟ್ಟ ಮೊಣಕಾಲಿಗೆ ಅದು ನಿಜವಾದ ಮದ್ದು. ಆದರೆ ಗಂಭೀರ ತೊಂದರೆಗಳು ಆ ಗುಂಪಿನಲ್ಲಿ 24, ಈ ಗುಂಪಿನಲ್ಲಿ 6. ಶಸ್ತ್ರಚಿಕಿತ್ಸೆ ಇಲ್ಲದ 50 ಜನರಲ್ಲಿ ಒಂದು ವರ್ಷದೊಳಗೆ ಅದನ್ನು ಬೇಡಿ ಬಂದವರು 13 ಮಾತ್ರ. ನಮ್ಮಲ್ಲಿ ಕೃತಕ ಕೀಲಿನ ಬೆಲೆಗೆ 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದದ್ದು 54,720 ರೂಪಾಯಿ. ಆಸ್ಪತ್ರೆಯ ಉಳಿದ ಖರ್ಚು ಬೇರೆ.

ಇಂಥ ಪ್ರಯೋಗಕ್ಕೆ ಸೇರುವಿರಾ ಎಂದು ದೊಡ್ಡ ಆಸ್ಪತ್ರೆಯಲ್ಲಿ ನಿಮ್ಮನ್ನೋ ನಿಮ್ಮ ಮನೆಯ ಹಿರಿಯರನ್ನೋ ಕೇಳಬಹುದು. ‘ನಮ್ಮ ಮ್ಯಾಲ ಪ್ರಯೋಗ ಮಾಡ್ತಾರಂತ’ ಎಂದು ಹೆದರಿ ಎದ್ದು ಬರಬೇಕಾಗಿಲ್ಲ, ಕಣ್ಣು ಮುಚ್ಚಿ ಸಹಿಯನ್ನೂ ಹಾಕಬಾರದು. ಭಾರತದಲ್ಲಿ ವೈದ್ಯಕೀಯ ಪ್ರಯೋಗಗಳ ನೋಂದಣಿ ಪುಸ್ತಕ 2007ರ ಜುಲೈನಲ್ಲಿ ಶುರುವಾಯಿತು. 2009ರ ಜೂನ್‌ನಿಂದ ನೋಂದಣಿ ಕಡ್ಡಾಯ. ಸಿ.ಟಿ.ಆರ್.ಐ. ಎಂಬ ಈ ಪುಸ್ತಕ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿದೆ. ಕಾಲೇಜಿಗೆ ಹೋಗುವ ಮೊಮ್ಮಗಳು ನಂಬರು ಹಾಕಿದರೆ ಯಾರು, ಎಲ್ಲಿ, ಎಷ್ಟು ಜನರ ಮೇಲೆ, ಯಾವುದರ ಎದುರು ಯಾವುದನ್ನು ನೋಡುತ್ತಿದ್ದಾರೆ ಎಂಬುದೆಲ್ಲ ಕಾಣುತ್ತದೆ. ನಂಬರು ಕೊಡದವರ ಕಾಗದಕ್ಕೆ ಸಹಿ ಬೇಡ. ಒಪ್ಪಿಗೆ ಪತ್ರ ನಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಮನೆಗೆ ತಂದು ಓದಿಸಿ ಕೇಳಲು ಸಮಯ ಕೊಡಬೇಕು, ಯಾವಾಗ ಬೇಕಾದರೂ ಬಿಟ್ಟು ಬರಬಹುದು, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ 2019ರ ನಿಯಮಗಳಲ್ಲೇ ಇದೆ.

ಈ ಎಲ್ಲ ವರದಿಗಳನ್ನು ಓದುವಾಗ ನನಗೆ ಸಿಗದ ಒಂದು ಕಾಲಮ್ಮು ಇದೆ. ಬೆಂಗಳೂರಿನ 250 ಜನರಿಗೂ ಹ್ಯೂಸ್ಟನ್‌ನ 180 ಜನರಿಗೂ ಚಿಕಿತ್ಸೆಯ ಹೊತ್ತಿನಲ್ಲಿ ಮೊಣಕಾಲಿಗೆ ಬಿಡುವು ಕೊಡಲು ಅವಕಾಶವಿತ್ತು. ತೊಟ್ಟು ಮುರಿಯುವ ಕೂಲಿಯವಳಿಗೆ ಡಾಕ್ಟರು ‘ಕೆಳಗೆ ಕೂರಬೇಡಿ’ ಎಂದು ಬರೆದುಕೊಟ್ಟರೆ ಅದು ‘ಕೂಲಿ ಬಿಡಿ’ ಎಂದ ಹಾಗೆ. ಅವಳಿಗೆ ಒಂದು ಗೇಣು ಎತ್ತರದ ಮಣೆ ಕೊಟ್ಟರೆ ಏನಾಗುತ್ತದೆ? ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆದರೆ? ಕೂಲಿ ಎಷ್ಟು ಕಡಿಮೆಯಾಗುತ್ತದೆ, ನೋವು ಎಷ್ಟು? ಕೋಶ ಬೆಳೆಸುವ ಪ್ರಯೋಗಾಲಯ ಇದಕ್ಕೆ ಬೇಕಿಲ್ಲ. ಹುಬ್ಬಳ್ಳಿ, ಧಾರವಾಡ, ಹಾವೇರಿಗಳಲ್ಲಿ ಈಗ ವೈದ್ಯಕೀಯ ಕಾಲೇಜುಗಳಿವೆ. ಇನ್ನೂರು ಹೆಂಗಸರು, ನೂರು ಮಣೆ, ಚೀಟಿ ಎತ್ತಲು ಒಂದು ಡಬ್ಬಿ, ಕನ್ನಡದಲ್ಲಿ 24 ಪ್ರಶ್ನೆ. ಸಂಕ್ರಾಂತಿಯ ಹೊತ್ತಿಗೆ ಶುರು ಮಾಡಿದರೆ ಬ್ಯಾಡಗಿಯಲ್ಲಿ ರಾಶಿ ಕರಗುವ ಮುನ್ನ ಮೊದಲ ಲೆಕ್ಕ ಕೈಗೆ ಬರುತ್ತದೆ.